ಸೌಂಡ್ ಚೆಕ್: ನಿರ್ವಾಣಾದೋರು ಯಾರ ಮನಿಗೆ ಕನ್ನ ಹಾಕಿದ್ರು?

ಈ ಸಲ ಬಂದ ಪ್ರಶ್ನೆಗಳಾಗ ಅರ್ಧಕ್ಕರ್ಧ ಒಂದೇ ಬ್ಯಾಂಡಿನ ಸುತ್ತ ಅದಾವ. ಹೋದ ಸಂಚಿಕ್ಯಾಗ ಪಿಕ್ಸೀಸ್ ಅನ್ನೋ ಅಮೆರಿಕಾದ ರಾಕ್ ಬ್ಯಾಂಡ್ ಬಗ್ಗೆ ಒಂದ್ ಸಾಲು ಬರದಿದ್ದೆ, ಇವರಿಲ್ಲಂದ್ರ ತೊಂಬತ್ತರ ದಶಕದ ರಾಕ್ ಬ್ಯಾರೇನೇ ಇರ್ತಿತ್ತು ಅಂತ, ಅಷ್ಟಕ್ಕೇ ಸಿಂಧನೂರಿಂದ ಹಿಡ್ದು ಬಳ್ಳಾರಿ ತನಕ ಮಂದಿ ನನ್ನ ಹಿಡ್ಕೊಂಡಾರ. ಚಲೋನೇ ಆತು. ಹೆಸರು ಹಾಕ್ಬ್ಯಾಡ್ರಿ ಅಂತ ಭಾಳ ಜನ ಕೇಳ್ಯಾರ, ಹಂಗಾಗಿ ಊರಷ್ಟೇ ಹಾಕೀನಿ.

ಪ್ರಶ್ನೆ (ಸಿಂಧನೂರು, ಡಿಪ್ಲೊಮಾ ಓದೋ ಹುಡುಗ): ಸರ್, ನಾನು ನಿರ್ವಾಣಾ ಫ್ಯಾನ್. ನನ್ ರೂಮ್‌ಮೇಟ್ ದಿನಾ ತಲಿ ತಿಂತಾನ, 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಹಾಡು ಪಿಕ್ಸೀಸ್‌ನ ಕಾಪಿ ಅಂತ. ಪಿಕ್ಸೀಸ್ ಹಾಡು ಹತ್ತಿಪ್ಪತ್ತು ಕೇಳಿದೆ, ಟ್ಯೂನ್ ಎಲ್ಲೂ ಸೇರಂಗಿಲ್ಲ. ಯಾರದು ಸುಳ್ಳು?

ಉತ್ತರ: ಯಾರದೂ ಸುಳ್ಳಲ್ಲಪಾ. ಈ ಕೇಸಿನಾಗ ಕಳ್ಳನ ಹೇಳಿಕೆನೇ ಐತಿ. 1994ರ ಜನವರಿಯಾಗ ರೋಲಿಂಗ್ ಸ್ಟೋನ್ ಪತ್ರಿಕಿಗೆ ಕೊಟ್ಟ ಸಂದರ್ಶನದಾಗ ನಿರ್ವಾಣಾ ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್ ತಾನೇ ಹೇಳ್ಯಾನ, ಆ ಹಾಡು ಮಾಡುವಾಗ ಪಿಕ್ಸೀಸ್‌ನೋರದ್ದು ಎತ್ತಾಕ ನೋಡ್ತಿದ್ದೆ, ಅವರ ಆ ಸಣ್ಣಕ ಶುರು ಮಾಡಿ ಜೋರು ಆಗೋ ಪದ್ಧತಿ ತಗೊಂಡೆ ಅಂತ. ಆದ್ರ ನೀನು ಟ್ಯೂನ್ ಹುಡುಕಿದ್ರ ಎಲ್ಲಿ ಸಿಗಬೇಕು? ಆತ ಮನಿಯೊಳಗಿನ ಪಾತ್ರಿ ಪಗಡ ಕದ್ದಿಲ್ಲ, ಮನಿ ಕಟ್ಟಿದ ಪ್ಲ್ಯಾನ್ ಕದ್ದಾನ.

ಪ್ಲ್ಯಾನ್ ನೋಡ್ಬೇಕಂದ್ರ ಪಿಕ್ಸೀಸ್‌ನೋರ 1989ರ 'ಡೂಲಿಟಲ್' ಆಲ್ಬಮ್‌ನಾಗ 'ಟೇಮ್' ಅಂತ ಹಾಡೈತಿ, ಪೂರಾ ಎರಡು ನಿಮಿಷಾನೂ ಇಲ್ಲ, ಹೆಡ್‌ಫೋನ್ ಹಾಕ್ಕೊಂಡು ಕೇಳು. ಬೇಸ್ ಗಿಟಾರ್ ಬಾರ್ಸೋದು ಮೂರೇ ಸ್ವರ, ಡಿ, ಸಿ, ಎಫ್, ಹಾಡಿನುದ್ದಕ್ಕೂ ಗಾಣದ ಎತ್ತಿನಂಗ ಅವೇ ಮೂರನ್ನ ಸುತ್ತು ಹಾಕ್ತಿರ್ತೈತಿ. ಜೊತಿಗೆ ಡ್ರಮ್. ಹಾಡೋನು ಕಿವಿಯಾಗ ಚಾಡಿ ಹೇಳೋರಂಗ ಪಿಸುಗುಡ್ತಾನ. ಗಿಟಾರ್ ಎಲ್ಲಿ ಹೋತು ಅಂತ ನೀನು ಹುಡುಕೋದ್ರೊಳಗ ಒಮ್ಮಿಗೇ ಎಲ್ಲಾ ಮೈಮ್ಯಾಲ ಬಿದ್ದಂಗ ಬೀಳ್ತಾವ, ಪಿಸುಗುಡ್ತಿದ್ದವ್ನೇ ಗಂಟಲು ಹರಿಯಂಗ ಚೀರ್ತಾನ, ಮತ್ತ ನೋಡನೋಡ್ತ ಎಲ್ಲಾ ಮಾಯ, ಉಳಿಯೋದು ಅದೇ ಬೇಸ್ ಅದೇ ಡ್ರಮ್. ಜೋರಾದಾಗ್ಲೂ ಆ ಮೂರು ಸ್ವರ ಬದ್ಲಾಗಿಲ್ಲ ನೋಡು. ಯಾರ್ಯಾರು ಬಾರ್ಸಾಕತ್ತಾರ, ಯಾರು ಕೈ ಕಟ್ಕೊಂಡು ನಿಂತಾರ, ಅದಷ್ಟೇ ಬದ್ಲಾಗೈತಿ. ಈಗ ಇದೇ ಕಿವಿಲೆ ಟೀನ್ ಸ್ಪಿರಿಟ್ ಕೇಳು, ಕರ್ಟ್ ಹಾಡಾಕ ಶುರು ಮಾಡಿದ ಕೂಡ್ಲೇ ಗಿಟಾರ್ ಎರಡೇ ಸ್ವರಕ್ಕ ಇಳಿತೈತಿ, ಬೇಸ್ ಮತ್ತ ಡ್ರಮ್ ಹಾಡು ಹೊತ್ಕೊಂಡು ಹೋಗ್ತಾವ. ನಿನ್ ರೂಮ್‌ಮೇಟ್‌ಗೆ ಒಂದು ಚಾ ಕುಡಿಸು.

ನಾನು ಈ ಪ್ಲ್ಯಾನ್ ಮೊದ್ಲು ಕೇಳಿದ್ದು ಕ್ಯಾಸೆಟ್‌ನಾಗಲ್ಲ, ಮುದಗಲ್ಲಿನಾಗ. ಸಣ್ಣಾವಿದ್ದಾಗ ನಮ್ಮ ಸೋದರಮಾವ ಮೊಹರಂಗೆ ಕರ್ಕೊಂಡು ಹೋಗಿದ್ದ, ಅಲ್ಲಿ ಎಷ್ಟು ಜನ ಸೇರ್ತಾರಂತ ರಾಯಚೂರು ಕಡೆಯವ್ರಿಗೆ ಹೇಳಬೇಕಿಲ್ಲ. ಹಲಗಿ ಬೆಂಕಿಗೆ ಕಾಸಿ ಕಾಸಿ ಬಿಗಿ ಮಾಡ್ಕೊಂಡು ಹತ್ತು ಹನ್ನೆರಡು ಮಂದಿ ಬಾರ್ಸಾಕತ್ತಿದ್ರು, ಎದಿಯೊಳಗ ಗುದ್ದಿದಂಗ ಆಗ್ತಿತ್ತು, ಅಷ್ಟ್ರಾಗ ಒಬ್ಬ ಮುದುಕ ಕೈ ಎತ್ತಿದ ನೋಡ್ರಿ, ಎಲ್ಲಾ ಹಲಗಿ ಗಪ್. ಆತ ಒಬ್ನೇ ಸಣ್ಣ ಕಡ್ಡಿಯಿಂದ ಹಲಗಿ ಅಂಚಿಗೆ ಟಿಕ್ಕ ಟಿಕ್ಕ ಟಿಕ್ಕ. ಅಲಾಯಿ ಕುಣಿ ಸುತ್ತ ಇದ್ದೋರು ಹೆಜ್ಜಿ ಬಿಟ್ಟಿರಲಿಲ್ಲ, ಧೂಳಾಗ ಕಾಲು ಎಳಿಯೋ ಸದ್ದು ಕೇಳ್ತಿತ್ತು, ಹಿಂದ ಯಾರೋ ಕೆಮ್ಮಿದ್ದೂ ಕೇಳ್ತು. ಆಮ್ಯಾಲ ಎಲ್ಲಾ ಹಲಗಿ ಒಟ್ಟಿಗೆ ಬಿದ್ದಾಗ ನಾನು ಮಾವನ ಧೋತರ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಸದ್ದು ಮೊದ್ಲಿದ್ದಷ್ಟೇ ಇತ್ತು, ಒಂದ್ ಹಲಗಿನೂ ಹೆಚ್ಚಾಗಿರಲಿಲ್ಲ. ನಡುವ ಕಿವಿ ಖಾಲಿ ಆಗಿತ್ತಲ್ಲ, ಅದಕ್ಕ ಹಂಗಾತು. ಬ್ಯಾಸಿಗ್ಯಾಗ ಕರೆಂಟ್ ಹೋದಾಗ್ಲೇ ಅಲ್ಲೇನು, ಇಷ್ಟೊತ್ತು ಫ್ಯಾನ್ ಎಷ್ಟು ಗದ್ಲ ಮಾಡಾಕತ್ತಿತ್ತು ಅಂತ ಗೊತ್ತಾಗೋದು.

ಹಂಗಂತ ಇದನ್ನ ಕಂಡುಹಿಡದೋರೇ ಪಿಕ್ಸೀಸ್ ಅಂತ ನಾನು ಹೇಳಾಕತ್ತಿಲ್ಲ. ಸಣ್ಣಕ ಹಾಡಿ ಜೋರು ಮಾಡೋದು ಸಂಗೀತದಷ್ಟೇ ಹಳೇದು. ನಮ್ಮ ಕಡೆ ಹಿಂದೂಸ್ತಾನಿ ಕೇಳೋರು ಭಾಳ ಮಂದಿ ಅದಾರ, ಅವ್ರು ಕೇಳಬಹುದು, ಆಲಾಪ ಜೋಡ್ ಝಾಲಾ ಅಂತ ನಮ್ಮಲ್ಲೂ ಏರಿಕಿ ಇಲ್ಲೇನು ಅಂತ. ಐತ್ರಿ, ಆದ್ರ ಅಲ್ಲಿ ಮೆಟ್ಲು ಅದಾವ, ಒಂದೊಂದೇ ಹತ್ತಿ ಹೋಗ್ತೀರಿ, ಮ್ಯಾಲ ಮುಟ್ಟೋದ್ರೊಳಗ ಮನಸ್ಸು ತಯಾರಾಗಿರ್ತೈತಿ. ಪಿಕ್ಸೀಸ್ ಮೆಟ್ಲೇ ಕಿತ್ತು ಒಗದ್ರು. ಬಾಸ್ಟನ್‌ನಾಗ 1986ರಾಗ ಕಟ್ಟಿದ ಬ್ಯಾಂಡ್ ಅದು, ಚಾರ್ಲ್ಸ್ ಥಾಮ್ಸನ್ ಅನ್ನಾಂವ ಬ್ಲ್ಯಾಕ್ ಫ್ರಾನ್ಸಿಸ್ ಅಂತ ಹೆಸರಿಟ್ಕೊಂಡು ಹಾಡಿದ, ಕಾಲೇಜ್ ಗೆಳೆಯ ಜೋಯಿ ಸ್ಯಾಂಟಿಯಾಗೊ ಗಿಟಾರ್, ಕಿಮ್ ಡೀಲ್ ಬೇಸ್, ಡೇವಿಡ್ ಲವರಿಂಗ್ ಡ್ರಮ್. ಬೇಸ್ ಬಾರ್ಸೋರು ಬೇಕು ಅಂತ ಪೇಪರಿನಾಗ ಜಾಹೀರಾತು ಕೊಟ್ಟಾಗ ಬರದಿದ್ದೇನಂದ್ರ, ಹುಸ್ಕರ್ ಡೂ ಮತ್ತ ಪೀಟರ್ ಪಾಲ್ ಆ್ಯಂಡ್ ಮೇರಿ ಎರಡೂ ಇಷ್ಟ ಇರ್ಬೇಕು ಅಂತ. ಮೊದ್ಲನೇದು ಕಿವಿ ಕಿತ್ತುಹೋಗೋ ಪಂಕ್, ಎರಡನೇದು ಮೂರು ಮಂದಿ ಕೂತು ಮೆತ್ತಗ ಹಾಡೋ ಜಾನಪದ. ಡೊಳ್ಳು ಮತ್ತ ಭಾವಗೀತೆ ಎರಡೂ ಬಲ್ಲ ಕನ್ಯಾ ಬೇಕು ಅಂತ ಜಾಹೀರಾತು ಕೊಟ್ಟಂಗ! ಬ್ಯಾಂಡಿನ ಜಾತಕ ಅಲ್ಲೇ ಐತಿ.

ಮಜಾ ಅಂದ್ರ ಅವರ ದೇಶದಾಗ ಅವರನ್ನ ಅಷ್ಟಾಗಿ ಯಾರೂ ಕೇಳ್ಲಿಲ್ಲ. 'ಡೂಲಿಟಲ್' ಬ್ರಿಟನ್ ಪಟ್ಟಿಯಾಗ 8ನೇ ಜಾಗಕ್ಕ ಹೋತು, ಅಮೆರಿಕಾದಾಗ 98ಕ್ಕ ನಿಂತ್ಕೊಂತು. ಎರಡು ವರ್ಷ ಬಿಟ್ಟು 1991ರಾಗ ನಿರ್ವಾಣಾ ಅದೇ ಪ್ಲ್ಯಾನ್‌ನಾಗ ಮನಿ ಕಟ್ಟಿದ್ರ ಜಗತ್ತೇ ಬಾಡಿಗಿಗೆ ಬಂತು. 1992ರಾಗ ರೇಡಿಯೋಹೆಡ್ ಬ್ಯಾಂಡಿನೋರ 'ಕ್ರೀಪ್' ಹಾಡು ಬಂತು, ಅದ್ರಾಗ ಜೋರು ಭಾಗಕ್ಕ ಮುಂಚೆ ಗಿಟಾರ್ ಎರಡು ಸಲ ಘರ್ಕ್ ಘರ್ಕ್ ಅಂತೈತಲ್ಲ, ಕೇಳಿರ್ತಿ. ಆಮ್ಯಾಲ ಬಂದೋರ ಪೈಕಿ ಭಾಳ ಮಂದಿ ಜೋರಷ್ಟೇ ಕಲ್ತರು, ಸಣ್ಣ ಭಾಗ ಅಂದ್ರ ಜೋರು ಭಾಗ ಬರೋ ತನಕ ಟೈಮ್ ಪಾಸ್ ಅನ್ಕೊಂಡ್ರು. ಅದು ನನಗ ಸಿಟ್ಟು.

ಪ್ರಶ್ನೆ (ಬಳ್ಳಾರಿ): ನಾವು ನಾಲ್ಕು ಮಂದಿ ಸೇರಿ ಬ್ಯಾಂಡ್ ಮಾಡೀವಿ. ಕಾಲೇಜ್ ಫೆಸ್ಟ್‌ನಾಗ ಬಾರ್ಸಿದ್ರ ಬರೀ ಗದ್ಲ ಅಂತಾರ. ಪಿಕ್ಸೀಸ್ ತರ ಸೌಂಡ್ ಬರ್ಬೇಕಂದ್ರ ಯಾವ ಪೆಡಲ್ (ಕಾಲಿಲೆ ಒತ್ತಿ ಗಿಟಾರ್ ಸದ್ದು ಬದಲಿಸೋ ಡಬ್ಬಿ) ತಗೋಬೇಕು? ಬಜೆಟ್ ಎಂಟು ಸಾವಿರ.

ಉತ್ತರ: ಎಂಟು ಸಾವಿರ ಬ್ಯಾಂಕಿನಾಗ ಇರ್ಲಿ. ಬ್ಲ್ಯಾಕ್ ಫ್ರಾನ್ಸಿಸ್ ಕೈಯಾಗ ಟೆಲಿಕಾಸ್ಟರ್ ಗಿಟಾರ್, ಸ್ಯಾಂಟಿಯಾಗೊ ಕೈಯಾಗ ಲೆಸ್ ಪಾಲ್ ಗಿಟಾರ್, ಒಂದರ ಸದ್ದು ಚೂಪು ಒಂದರದ್ದು ದಪ್ಪ, ಅದರಾಗೇ ಅರ್ಧ ಕೆಲ್ಸ ಮುಗಿತೈತಿ. ಉಳಿದರ್ಧ ಸುಮ್ನಿರೋದು. ನಾನು ಹೇಳೋದು ತಮಾಷಿ ಅಲ್ಲ, ನಾನೂ ನಿಮ್ಮೂರಾಗೇ ಆರ್ಕೆಸ್ಟ್ರಾದಾಗ ಆರು ವರ್ಷ ಬೇಸ್ ಬಾರ್ಸೀನಿ. ಗಣೇಶನ ಪೆಂಡಾಲ್, ಮದ್ವಿ, ಜಾತ್ರಿ, ಎಲ್ಲಿ ಹೋದ್ರೂ ಒಂದೇ ಕತಿ. ಕೀಬೋರ್ಡ್‌ನವ ತನ್ನದು ಕೇಳಂಗಿಲ್ಲ ಅಂತ ಏರಿಸ್ತಾನ, ಅದನ್ನ ನೋಡಿ ಪ್ಯಾಡ್‌ನವ ಏರಿಸ್ತಾನ, ಹಾಡೋರು ಮೈಕ್ ಕಚ್ಚಾಕ ಹೋಗ್ತಾರ, ಸೌಂಡ್ ಸಿಸ್ಟಮ್‌ನವ ಎಲ್ಲಾ ಫೇಡರ್ ನೆತ್ತಿಗೇರಿಸಿ ಎಲಡಿಕಿ ಹಾಕ್ಕೊಂಡು ಕುಂದರ್ತಾನ. ಒಂದ್ಸಲ ನನ್ನ ಬೇಸ್ ಆಂಪ್ ಫ್ಯೂಸ್ ಹೋತು, ಮೂರು ಹಾಡು ನಾನು ಸುಮ್ನ ಬೆರಳಾಡಿಸ್ಕೊಂತ ನಿಂತಿದ್ದೆ, ಸ್ಟೇಜ್ ಮ್ಯಾಲಿದ್ದ ಒಬ್ರಿಗೂ ಗೊತ್ತಾಗ್ಲಿಲ್ಲ. ನಾಕನೇ ಹಾಡಿಗೆ ಫ್ಯೂಸ್ ಹಾಕಿ ಬಾರಿಸಿದ ಕೂಡ್ಲೇ ಮುಂದ ಕುಂತಿದ್ದ ಹುಡುಗ್ರು ಎದ್ದು ಕುಣದ್ರು! ಅವತ್ತು ರಾತ್ರಿ ಊಟ ಸಿಗ್ಲಿಲ್ಲ, ಅದು ಬ್ಯಾರೆ ವಿಷ್ಯ.

ಹಿಂಗ ಮಾಡ್ರಿ. ಒಂದು ಹಾಳೆಯಾಗ ಹಾಡಿನ ಭಾಗ ಬರೀರಿ, ಪ್ರತಿ ಭಾಗದ ಮುಂದ ಯಾರು ಬಾರ್ಸಬಾರ್ದು ಅಂತ ಹೆಸರು ಬರೀರಿ, ಬಾರ್ಸೋರ ಹೆಸರಲ್ಲ. ಚರಣದಾಗ ಬೇಸ್ ಮತ್ತ ಡ್ರಮ್ ಸಾಕು. ಗಿಟಾರ್‌ನವ್ರಿಗೆ ಕೈ ಕಡಿತೈತಿ ಅಂದ್ರ ಗಿಟಾರ್ ಮ್ಯಾಲಿರೋ ವಾಲ್ಯೂಮ್ ಗುಬುಟು ಹತ್ತರಿಂದ ಮೂರಕ್ಕ ಇಳಿಸಿ ಎರಡು ತಂತಿ ಮುಟ್ರಿ, ಆಂಪ್‌ನಾಗ ಡಿಸ್ಟಾರ್ಶನ್ (ಸದ್ದು ಒಡಕಲು ಮಾಡೋದು) ಇದ್ರೂ ಸದ್ದು ತಿಳಿ ಆಗ್ತೈತಿ, ಪೆಡಲ್ ಖರ್ಚು ಉಳಿತೈತಿ. ಜೋರು ಬಂದಾಗ ಸ್ಪೀಡ್ ಏರಿಸ್ಬ್ಯಾಡ್ರಿ, ನೂರಕ್ಕ ತೊಂಬತ್ತು ಬ್ಯಾಂಡು ಅಲ್ಲೇ ಜಾರಿ ಬೀಳೋದು, ಫೋನಿನಾಗ ತಾಳ ಎಣಿಸೋ ಮೆಟ್ರೊನೋಮ್ ಹಾಕ್ಕೊಳ್ರಿ.

ರೆಕಾರ್ಡ್ ಮಾಡೋದಿದ್ರ ಸ್ಟೀವ್ ಅಲ್ಬಿನಿ ಕೆಲ್ಸ ನೋಡ್ರಿ. ಪಿಕ್ಸೀಸ್‌ನೋರ 1988ರ 'ಸರ್ಫರ್ ರೋಸಾ' ಆಲ್ಬಮ್ ರೆಕಾರ್ಡ್ ಮಾಡಿದಾಂವ ಆತ. ಡ್ರಮ್ ಕೇಳಿದ್ರ ಆ ರೂಮಿನ ಗ್ವಾಡಿ ಕೇಳಿಸ್ತಾವ, ಯಾಕಂದ್ರ ಮೈಕ್ ಡ್ರಮ್ಮಿಗಷ್ಟೇ ಅಲ್ಲ, ರೂಮಿಗೂ ಇಟ್ಟಿದ್ದ. ಕಿಮ್ ಡೀಲ್ ದನಿ ದೂರದಿಂದ ಬಂದಂಗ ಇರ್ಲಿ ಅಂತ ಮಷಿನ್ ಎಕೋ ಬಿಟ್ಟು ಸ್ಟುಡಿಯೋದ ಬಾತ್‌ರೂಮಿಗೆ ಕರ್ಕೊಂಡು ಹೋಗಿ ಹಾಡ್ಸಿದ. ಆ ಡ್ರಮ್ ಸದ್ದಿಗೆ ಮರುಳಾಗಿ ಕೊಬೇನ್ ನಿರ್ವಾಣಾದ 1993ರ 'ಇನ್ ಯೂಟೆರೊ' ಆಲ್ಬಮ್‌ಗೆ ಆತನ್ನೇ ಹಿಡ್ಕೊಂಡ. ಕೋಟ್ಯಂತರ ಮಾರಾಟ ಆಗೋ ಬ್ಯಾಂಡು, ರಾಯಲ್ಟಿ ಕೇಳಿದ್ರ ಕೈತುಂಬ ಬರ್ತಿತ್ತು, ಆತ ಒಲ್ಲೆ ಅಂದ, ನನಗ ಪ್ಲಂಬರ್‌ಗೆ ಕೊಟ್ಟಂಗ ಕೊಡ್ರಿ, ಕೆಲ್ಸ ಮಾಡ್ತೀನಿ ಕೂಲಿ ಕೊಡ್ರಿ ಅಂತ ಪತ್ರ ಬರದ. 2024ರ ಮೇನಾಗ ತೀರ್ಕೊಂಡ. ಬಳ್ಳಾರ್ಯಾಗ ನಿಮಗ ಜಾಗಕ್ಕೇನು ಬರ, ಜೀನ್ಸ್ ಹೊಲಿಯೋ ಶೆಡ್ ಪರಿಚಯದೋರದು ಇದ್ರ ಭಾನುವಾರ ಕೇಳ್ಕೊಳ್ರಿ, ಡ್ರಮ್ ನಡುವ ಇಡ್ರಿ, ಒಂದು ಫೋನ್ ಹತ್ರ ಒಂದು ಫೋನ್ ಶೆಡ್ಡಿನ ಆ ಮೂಲ್ಯಾಗ ಇಟ್ಟು ರೆಕಾರ್ಡ್ ಮಾಡಿ ಎರಡೂ ಸೇರಿಸಿ ಕೇಳ್ರಿ.

ಪ್ರಶ್ನೆ (ರಾಯಚೂರು, ನಿವೃತ್ತ ಶಿಕ್ಷಕರು): ಮಾನ್ಯರೇ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಮೊಮ್ಮಗ ಕೇಳುವ ಈ ಪಿಕ್ಸೀಸ್ ಹಾಡುಗಳ ಸಾಹಿತ್ಯ ತರಿಸಿಕೊಂಡು ಓದಿದೆ. ವ್ಯಾಕರಣ ಇದೆ, ಅರ್ಥವಿಲ್ಲ. ಇದನ್ನೂ ಹಾಡು ಅನ್ನಬೇಕೇ?

ಉತ್ತರ: ಸರ್, ಮೊದಲಿಗೆ ಸಾಹಿತ್ಯ ತರಿಸ್ಕೊಂಡು ಓದಿದ್ರಲ್ಲ, ಅದಕ್ಕ ನಮಸ್ಕಾರ, ಮೊಮ್ಮಕ್ಕಳ ಹಾಡು ಬಂದ್ ಮಾಡು ಅನ್ನೋ ಅಜ್ಜಂದಿರೇ ಜಾಸ್ತಿ. ಆದ್ರ ಅರ್ಥ ಇಲ್ಲ ಅಂತ ನೀವು, ಅದೂ ರಾಯಚೂರಾಗ ಕುಂತು ಹೇಳಿದ್ರ ಹೆಂಗ್ರಿ? ಚೀಕಲಪರವಿ ವಿಜಯದಾಸರು, ಮಾನ್ವಿ ಜಗನ್ನಾಥದಾಸರು ಓಡಾಡಿದ ನೆಲ ಅದು, ಕನಕದಾಸರ ಮುಂಡಿಗಿ ಕೇಳ್ಕೊಂತ ಬೆಳದೋರು ನೀವು, ಕೋಡಗನ್ನ ಕೋಳಿ ನುಂಗಿದ್ದನ್ನ ಶಿಶುನಾಳ ಶರೀಫರು ಹಾಡಿದ್ರ ತಲಿ ತೂಗ್ತೀವಿ. ಅಲ್ಲಮನ ಬೆಡಗಿನ ವಚನ ಮೊದಲ ಸಲ ಓದಿದಾಗ ನಿಮಗೇನು ಅರ್ಥ ಆಗಿತ್ತು, ನಿಜ ಹೇಳ್ರಿ.

ಬೆಡಗಿಗೂ ಇದಕ್ಕೂ ಫರಕ್ ಐತಿ ಅನ್ನೋದನ್ನ ಒಪ್ತೀನಿ. ಮುಂಡಿಗಿಗೆ ಕೀಲಿಕೈ ಇರ್ತೈತಿ, ಬಲ್ಲೋರು ಬಿಡಿಸ್ತಾರ. ಬ್ಲ್ಯಾಕ್ ಫ್ರಾನ್ಸಿಸ್ ಹಾಡಿಗೆ ಭಾಳ ಕಡೆ ಕೀಲಿಕೈ ಇಲ್ಲ, ಬಾಗ್ಲೂ ಇಲ್ಲ, ಕಿಟಕಿಯಿಂದ ನೋಡ್ಬೇಕು ಅಷ್ಟೇ. 'ಡಿಬೇಸರ್' ಹಾಡು ಲೂಯಿಸ್ ಬುನ್ಯುಯೆಲ್ ಮತ್ತ ಸಾಲ್ವಡಾರ್ ಡಾಲಿ ಸೇರಿ ಮಾಡಿದ 1929ರ ಮೂಕಿ ಸಿನಿಮಾದ ಬೆನ್ನು ಹತ್ತಿ ಬಂದದ್ದು, ಅದ್ರಾಗ ಕ್ಷೌರದ ಕತ್ತಿಯಿಂದ ಕಣ್ಣು ಸೀಳೋ ದೃಶ್ಯ ಐತಿ, ಹಾಡಿನಾಗೂ ಅದು ಬರ್ತೈತಿ. 'ಗೌಜ್ ಅವೇ' ಅನ್ನೋದು ಬೈಬಲಿನ ಸ್ಯಾಮ್ಸನ್ ಮತ್ತ ಡಿಲೈಲಾ ಕತಿ, 'ಡೆಡ್' ಅನ್ನೋದು ದಾವೀದ ಮತ್ತ ಬತ್ಷೆಬಾ ಕತಿ. ನಡುನಡುವ ಸ್ಪ್ಯಾನಿಶ್ ಬಂದ್ರ ಗಾಬ್ರಿ ಆಗ್ಬ್ಯಾಡ್ರಿ, ಓದೋ ಕಾಲಕ್ಕ ಆತ ಪೋರ್ಟೊ ರಿಕೊದ ಸಾನ್ ಹುವಾನ್‌ದಾಗ ಕೆಲವು ತಿಂಗಳು ಇದ್ದ, ಆ ಭಾಷಿ ಅಂಟಿಸ್ಕೊಂಡು ಬಂದ. ಮಾತಿನ ಅರ್ಥಕ್ಕಿಂತ ಬಾಯಾಗ ಅದು ಹೆಂಗ ಸಿಡಿತೈತಿ ಅನ್ನೋದು ಆತಗ ಮುಖ್ಯ. ನನಗೂ ಎಲ್ಲಾ ಹಾಡು ಹಿಡಿಸಂಗಿಲ್ಲ, ಕೆಲವು ಬರೀ ಹೆದರಿಸಾಕ ಬರದಂಗ ಅದಾವ. ನೀವು ಮೊಮ್ಮಗಗ ಸ್ಯಾಮ್ಸನ್ ಕತಿ ಹೇಳ್ರಿ, ಆತಗ ಅದು ಗೊತ್ತಿರಂಗಿಲ್ಲ, ಪಂದ್ಯ ಬೇಕಾದ್ರ ಕಟ್ತೀನಿ.

ಪ್ರಶ್ನೆ (ಕೊಪ್ಪಳ): ಅಣ್ಣಾರ, ನನ್ ಮಗ ಪಿಯುಸಿ. ಬಾಗ್ಲು ಹಾಕ್ಕೊಂಡು ಆ ಹಾಡಿನಂಗ ಚೀರ್ತಾನ. ಬಾಜೂ ಮನಿಯೋರು ಗಾಳಿ ಬಡದೈತಿ, ಯಂತ್ರ ಕಟ್ಟಿಸ್ರಿ ಅಂತಾರ. ಗಂಟಲಿಗೆ ಏನಾರ ಆಗ್ತೈತೇನು ಅಂತ ನನ್ ಚಿಂತಿ.

ಉತ್ತರ: ಯಂತ್ರ ಬ್ಯಾಡ ತಂಗಿ, ಕುಡಿಯಾಕ ನೀರು ಕೊಡ್ರಿ. ಗಂಟಲಿಂದ ಹಿಂಡಿ ಚೀರಿದ್ರ ದನಿ ಒಡಿತೈತಿ, ಹೊಟ್ಟಿಯಿಂದ ಉಸಿರು ತಗೊಂಡು ಚೀರೋದನ್ನ ಕಲೀಬೇಕು, ನಮ್ಮ ಬಯಲಾಟದ ಹಿರಿ ಕಲಾವಿದರನ್ನ ಕೇಳಿದ್ರ ಹೇಳಿಕೊಡ್ತಾರ, ರಾತ್ರಿಯಿಡೀ ಮೈಕಿಲ್ದ ಕೂಗಿದೋರು ಅವ್ರು. ಹಾಡಿದ್ಮ್ಯಾಲ ನೋವಾದ್ರ ಅವತ್ತಿಗೆ ನಿಲ್ಲಿಸ್ಲಿ. ಎರಡು ಮೂರು ವಾರ ಆದ್ರೂ ದನಿ ಗೊಗ್ಗರಾನೇ ಇದ್ರ ಕಿವಿ ಮೂಗು ಗಂಟಲು ಡಾಕ್ಟರ್ ಹತ್ರ ತೋರಿಸ್ರಿ. ಮತ್ತ ಒಂದ್ ಮಾತು, ಆ ಹಾಡಿನಾಂವ ಪಿಸುಗುಡೋ ಹೊತ್ತೂ ಅಷ್ಟೇ ಐತಿ, ಅದನ್ನೂ ಕಲಿ ಅಂತ ಹೇಳ್ರಿ, ಬಾಜೂ ಮನಿಯೋರಿಗೂ ಸ್ವಲ್ಪ ಆರಾಮ.

ಪ್ರಶ್ನೆ (ಗಂಗಾವತಿ): 'ಫೈಟ್ ಕ್ಲಬ್' ಸಿನಿಮಾ ಕೊನಿಗೆ ಬರೋ ಹಾಡು ಇವರದೇ ಏನ್ರಿ?

ಉತ್ತರ: ಇವರದೇ. 'ವೇರ್ ಈಸ್ ಮೈ ಮೈಂಡ್', ಹಾಡು 1988ರದು, ಸಿನಿಮಾ 1999ರದು. ಬ್ಯಾಂಡ್ ಒಡದು ಆರು ವರ್ಷ ಆದ್ಮ್ಯಾಲ ಎಷ್ಟೋ ಮಂದಿ ಮೊದ್ಲ ಸಲ ಇವರನ್ನ ಕೇಳಿದ್ದು ಆ ಥೇಟರ್‌ನಾಗ. ಕೆರಿಬಿಯನ್ ಸಮುದ್ರದಾಗ ಮುಳುಗಿ ಈಜುವಾಗ ಸಣ್ಣ ಮೀನೊಂದು ಬೆನ್ನು ಹತ್ತಿದ್ದಕ್ಕ ಹುಟ್ಟಿದ ಹಾಡಂತ ಬರದೋನೇ ಹೇಳ್ಯಾನ, ಜನ ಅದಕ್ಕ ಹಚ್ಚಿದ ವೇದಾಂತ ನೋಡಿದ್ರ ಆ ಮೀನಿಗೇ ನಾಚಿಕಿ ಆಗ್ಬೇಕು.

ಪ್ರಶ್ನೆ (ಸಿರುಗುಪ್ಪ): ಬ್ಯಾಂಡ್ ಈಗ್ಲೂ ಐತೇನು?

ಉತ್ತರ: ಐತಿ. 1993ರಾಗ ಒಡೀತು, ಕಿಮ್‌ಗೂ ಡೇವಿಡ್‌ಗೂ ಸುದ್ದಿ ಮುಟ್ಟಿದ್ದು ಫ್ಯಾಕ್ಸ್‌ನಾಗ, ಎಂಥಾ ಮಂದಿ ನೋಡ್ರಿ. 2004ರಾಗ ಮತ್ತ ಕೂಡಿದ್ರು. 2013ರಾಗ ಕಿಮ್ ಬಿಟ್ಟು ಹೋದ್ಲು, ಉಳಿದ ಮೂವರು ಬ್ಯಾರೆ ಬೇಸ್‌ನೋರನ್ನ ಇಟ್ಕೊಂಡು ಆಲ್ಬಮ್ ಮಾಡ್ತಾನೇ ಅದಾರ. ಹೊಸಾವು ಕೆಟ್ಟೇನಿಲ್ಲ, ನಾನು ಎರಡ್ನೇ ಸಲ ಹಾಕ್ಕೊಂಡು ಕೇಳಿಲ್ಲ. ಮೊದ್ಲು ಯಾವ ಆಲ್ಬಮ್ ಕೇಳ್ಬೇಕು ಅಂತ ಕಂಪ್ಲಿಯಿಂದ ಕೇಳ್ದೋರಿಗೂ ಇಲ್ಲೇ ಹೇಳ್ತೀನಿ, 'ಡೂಲಿಟಲ್', ಹಿಡಿಸಿದ್ರ 'ಸರ್ಫರ್ ರೋಸಾ'.

ಪ್ರಶ್ನೆ (ದೇವದುರ್ಗ, ಬಿ.ಎ. ಓದೋ ಹುಡುಗಿ): ನನಗ ಬೇಸ್ ಗಿಟಾರ್ ಕಲೀಬೇಕಂತ ಆಸಿ. ಮನ್ಯಾಗ ಹಾರ್ಮೋನಿಯಂ ಬೇಕಾದ್ರ ಕಲಿ, ಅದೆಲ್ಲಾ ಹುಡುಗ್ರು ಬಾರ್ಸೋದು ಅಂತಾರ. ನನ್ ಹತ್ರ ಬೇಸ್ ಇಲ್ಲ, ಕಲಿಸೋರೂ ಇಲ್ಲ. ಆಗ್ತೈತೇನ್ರಿ?

ಉತ್ತರ: ಮ್ಯಾಲೆ ಜಾಹೀರಾತಿನ ಕತಿ ಅರ್ಧಕ್ಕ ಬಿಟ್ಟಿದ್ದೆ ನೋಡವ್ವ, ನಿನ್ ಸಲುವಾಗೇ. ಡೊಳ್ಳು ಮತ್ತ ಭಾವಗೀತೆ ಎರಡೂ ಬೇಕು ಅನ್ನೋ ಆ ಜಾಹೀರಾತಿಗೆ ಬಂದದ್ದು ಒಬ್ಬಾಕಿನೇ, ಕಿಮ್ ಡೀಲ್. ಬೇಸ್ ಬಾರ್ಸೋರು ಬೇಕು ಅಂದ್ರ ಆಕಿ ಬೇಸೇ ಇಲ್ದ ಬಂದಿದ್ಲು, ಆಕಿ ಗಿಟಾರ್ ಬಾರ್ಸಾಕಿ, ಬೇಸ್ ಅದಕ್ಕ ಮುಂಚೆ ಬಾರ್ಸಿದ್ದೇ ಇಲ್ಲ. ತಗೊಂಡ್ರು. ಎರಡು ವರ್ಷದಾಗ ಆಕಿ ಬ್ಲ್ಯಾಕ್ ಫ್ರಾನ್ಸಿಸ್ ಜೊತಿ ಸೇರಿ ಬರದು ತಾನೇ ಹಾಡಿದ 'ಜೈಗ್ಯಾಂಟಿಕ್' ಹಾಡು ಬ್ಯಾಂಡಿನ ಮೊದಲ ಸಿಂಗಲ್ (ಬಿಡಿಯಾಗಿ ತಂದ ಹಾಡು) ಆತು. ಆ ಹೊತ್ನಾಗ ಆಲ್ಬಮ್ ಮ್ಯಾಲ ಆಕಿ ತನ್ನ ಹೆಸರು 'ಮಿಸೆಸ್ ಜಾನ್ ಮರ್ಫಿ' ಅಂತ ಹಾಕಿಸ್ಕೊಂಡಿದ್ಲು, ಜಾನ್ ಮರ್ಫಿ ಆಗ ಆಕಿ ಗಂಡ, ಗಂಡನ ಹೆಸರೊಳಗ ಹೆಂಡ್ತಿ ಮಾಯ ಆಗೋದನ್ನ ಅಣಕಿಸಾಕ ಮಾಡಿದ ಚ್ಯಾಷ್ಟಿ ಅದು. ನಮ್ಮ ಕಡೆ ಲಗ್ನಪತ್ರಿಕಿ ತೆಗೆದು ನೋಡು, ಚ್ಯಾಷ್ಟಿ ಯಾಕಂತ ತಿಳಿತೈತಿ. ಪಿಕ್ಸೀಸ್ ಒಡಿಯಾಕ ಮುಂಚೇನೇ 'ದ ಬ್ರೀಡರ್ಸ್' ಅಂತ ತನ್ನದೇ ಬ್ಯಾಂಡ್ ಕಟ್ಟಿದ್ಲು, 1993ರ ಅವರ 'ಕ್ಯಾನನ್‌ಬಾಲ್' ಶುರುವಾಗೋ ಬೇಸ್ ಕೇಳು, ಮೊದಲಿಗೆ ಸ್ವರ ತಪ್ಪಿದಂಗ ಬರ್ತೈತಿ, ಹೊಳ್ಳಿ ಸರಿಯಾಗ್ತೈತಿ.

ಬೇಸ್‌ಗೆ ನಾಲ್ಕೇ ತಂತಿ, ಇ, ಎ, ಡಿ, ಜಿ. ರಾಯಚೂರಾಗೋ ಬಳ್ಳಾರ್ಯಾಗೋ ಆರ್ಕೆಸ್ಟ್ರಾದೋರ ಹತ್ರ ಸೆಕೆಂಡ್ ಹ್ಯಾಂಡ್ ಕೇಳು, ಕುತ್ತಿಗಿ ಬಾಗಿಲ್ಲ ಅಂತ ಒಂದು ಕಣ್ಣು ಮುಚ್ಚಿ ಉದ್ದಕ ನೋಡಿ ತಗೋ. ಅಲ್ಲಿ ತನಕ ಮನ್ಯಾಗ ಹಾರ್ಮೋನಿಯಂ ಕಲಿ ಅಂತಾರಲ್ಲ, ಕಲಿ, ಎಡಗೈ ಕಡೆ ತಗ್ಗಿನ ಮನಿಗಳಾಗ 'ಟೇಮ್'ನ ಆ ಮೂರು ಸ್ವರ ಹುಡುಕು, ಒಂದೇ ಅಳತಿಯಾಗ ಹತ್ತು ನಿಮಿಷ ಬಾರ್ಸು, ಬೆರಳು ಬ್ಯಾಸರಾದ್ರೂ ಸ್ಪೀಡ್ ಬದ್ಲಾಗಬಾರ್ದು. ಬೇಸ್ ಬಂದ್ಮ್ಯಾಲೂ ಮನಿಯೋರಿಗೆ ಅಂಜಬ್ಯಾಡ. ಆಂಪ್‌ಗೆ ಹಾಕದ ಬಾರ್ಸಿದ್ರ ಅದರ ಸದ್ದು ಪಕ್ಕದ ಖೋಲಿಗೂ ಹೋಗಂಗಿಲ್ಲ. ಅದರ ಮೈಗೆ ಗದ್ದ ಆನಿಸ್ಕೊಂಡು ಬಾರ್ಸು, ನಿನಗಷ್ಟೇ ಕೇಳ್ತೈತಿ.